ಓಕ್ಲೊದ ಕರಿ ಹರಳು

1972ರ ಜೂನ್ ತಿಂಗಳು. ದಕ್ಷಿಣ ಫ್ರಾನ್ಸಿನ ಪಿಯೆರ್‌ಲಾಟ್ ಎಂಬಲ್ಲಿ ಯುರೇನಿಯಂ ಸಂವರ್ಧನೆಯ ಕಾರ್ಖಾನೆ. ಅಲ್ಲಿನ ಪ್ರಯೋಗಾಲಯದಲ್ಲಿ ಬೂಜಿಗ್ ಎಂಬ ವಿಶ್ಲೇಷಕ ದಿನನಿತ್ಯದ ತಪಾಸಣೆ ಮಾಡುತ್ತಿದ್ದಾಗ ಒಂದು ಮಾದರಿಯಲ್ಲಿ ಯುರೇನಿಯಂ-235ರ ಪಾಲು ಶೇ. 0.7171 ಬಂತು. ಬರಬೇಕಾದದ್ದು 0.7202. ಗುಮಾಸ್ತನೊಬ್ಬನ ಕೈಗೆ ಸಿಕ್ಕಿದ್ದರೆ ಎರಡನ್ನೂ 0.72 ಎಂದು ಬರೆದು ಊಟಕ್ಕೆ ಎದ್ದಿರುತ್ತಿದ್ದ. ಆದರೆ ಭೂಮಿಯ ಯಾವ ಗಣಿಯ ಅದಿರಾದರೂ, ಚಂದ್ರನಿಂದ ತಂದ ಕಲ್ಲಾದರೂ ಈ ಪಾಲು ಒಂದೇ ಎಂಬುದು ನಾವೆಲ್ಲ ಹೇಳುತ್ತಿದ್ದ ಪಾಠ. ಕರಿಹಲಗೆಯ ಮೇಲೆ ನಾನೇ ಎಷ್ಟೋ ಸಲ ಬರೆದಿದ್ದೇನೆ.

ಬೇರೆಲ್ಲೋ ಬಳಸಿ ಬಿಟ್ಟ ಯುರೇನಿಯಂ ಬೆರಕೆಯಾಗಿರಬಹುದೇ ಎಂದು ನೋಡಿದರು, ಅಲ್ಲ. ಸರಕು ಬಂದ ದಾರಿಯನ್ನೇ ಹಿಂದಕ್ಕೆ ಹಿಡಿದು ಹೋದರು. ಅದು ಆಫ್ರಿಕದ ಗಬೋನ್ ದೇಶಕ್ಕೆ, ಫ್ರಾನ್ಸ್‌ವಿಲ್ ಪ್ರಾಂತದ ಮುನಾನ ಊರಿನ ಪಕ್ಕದ ಓಕ್ಲೊ ಗಣಿಗೆ ಮುಟ್ಟಿತು. ಫ್ರೆಂಚ್ ವಸಾಹತಾಗಿದ್ದ ಕಾಲದಲ್ಲಿ, 1956ರಲ್ಲಿ, ಆ ಸುತ್ತಿನಲ್ಲಿ ಯುರೇನಿಯಂ ಸಿಕ್ಕಿತ್ತು, 1961ರಿಂದ ಅಗೆತ. ಓಕ್ಲೊದ ಕೆಲವು ಅದಿರಿನಲ್ಲಿ 235ರ ಪಾಲು 0.44ಕ್ಕೂ ಇಳಿದಿತ್ತು. ಒಟ್ಟು ಲೆಕ್ಕ ಹಾಕಿದರೆ ಸುಮಾರು 200 ಕಿಲೋ ಕಾಣೆ. ಅದೆಲ್ಲ ಪರಮಾಣು ಸ್ಥಾವರದ ಇಂಧನದಂತೆ ನೆಲದೊಳಗೇ ಉರಿದು ಹೋಗಿತ್ತು, ಸುಮಾರು 200 ಕೋಟಿ ವರ್ಷಗಳ ಹಿಂದೆ.

ಹೀಗೊಂದು ನಡೆದಿರಲು ಸಾಧ್ಯ ಎಂದು ಅಮೆರಿಕದ ಆರ್ಕನ್‌ಸಾ ವಿಶ್ವವಿದ್ಯಾಲಯದಲ್ಲಿದ್ದ ಜಪಾನೀ ಮೂಲದ ಪಾಲ್ ಕುರೋಡ 1956ರಲ್ಲೇ ಲೆಕ್ಕ ಕೊಟ್ಟಿದ್ದರು. ಯುರೇನಿಯಂ-235ರ ಅರ್ಧಾಯುಷ್ಯ 70 ಕೋಟಿ ವರ್ಷ, 238ರದು 447 ಕೋಟಿ. ಮೊದಲನೆಯದು ಬೇಗ ಕರಗುತ್ತದೆ. ಹಾಗಾಗಿ ಹಿಂದಕ್ಕೆ ಹೋದಷ್ಟೂ ಅದರ ಪಾಲು ಹೆಚ್ಚು. ಓಕ್ಲೊದ ಕಾಲಕ್ಕೆ ಅದು ಶೇ. 3.7ರ ಆಸುಪಾಸು. ನಮ್ಮ ಕೈಗಾ ಸ್ಥಾವರದಲ್ಲಿ ಇಂದಿನ ಸಹಜ ಯುರೇನಿಯಂ ಉರಿಯಬೇಕಾದರೆ ಭಾರಜಲ ಸುರಿಯಬೇಕು. ಅಂದು ಬರಿ ನೆಲದಡಿಯ ನೀರೇ ಸಾಕಾಯಿತು.

ನಾನು ಧಾರವಾಡದಲ್ಲಿ ಖನಿಜಶಾಸ್ತ್ರ ಹೇಳಿದವನು, ನನಗೆ ಈ ಕಥೆಯಲ್ಲಿ ಉರಿಗಿಂತ ಹರಳೇ ದೊಡ್ಡದು. ಇಷ್ಟನ್ನೂ ಓದಲು ಸಾಧ್ಯವಾದದ್ದು ಯುರೇನಿನೈಟ್ ಎಂಬ ಕಪ್ಪು, ತೂಕದ ಖನಿಜದ ಕಟ್ಟಣೆಯಿಂದ. ಅದು ಯುರೇನಿಯಂ ಡೈಆಕ್ಸೈಡ್. ಅದರ ಒಳರಚನೆಯನ್ನು ನಾರ್ವೆಯ ಗೋಲ್ಡ್‌ಶ್ಮಿಟ್ ಮತ್ತು ಟೊಮಾಸೆನ್ 1923ರಲ್ಲಿ ಎಕ್ಸ್‌ರೇ ಹಾಯಿಸಿ ಬಿಡಿಸಿದ್ದರು: ಫ್ಲೋರೈಟಿನದೇ ಮಾದರಿ. ತರಗತಿಗೆ ಇದನ್ನು ನಾನು ಥರ್ಮಾಕೋಲ್ ಗುಂಡು, ಊದುಬತ್ತಿ ಕಡ್ಡಿಗಳಿಂದ ಕಟ್ಟಿ ಒಯ್ಯುತ್ತಿದ್ದೆ. ಮೊದಲು ಆಮ್ಲಜನಕದ ಬಿಳಿ ಗುಂಡುಗಳಿಂದ ಸಾಲು ಸಾಲು ಘನಗಳು. ಆಮೇಲೆ ಒಂದು ಘನದ ನಡುವೆ ಯುರೇನಿಯಮ್ಮಿನ ಕಪ್ಪು ಗುಂಡು, ಪಕ್ಕದ ಘನ ಖಾಲಿ, ಅದರಾಚೆ ಮತ್ತೆ ಕಪ್ಪು ಗುಂಡು. ಅಂದರೆ ಅರ್ಧಕ್ಕರ್ಧ ಕೋಣೆ ಖಾಲಿ. "ಖಾಲಿ ಬಿಟ್ಟಿದ್ದು ಯಾಕ್ರೀ ಸರ?" ಎಂದು ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಿದ್ದರು. ಹೆಚ್ಚುವರಿ ಆಮ್ಲಜನಕ ಬಂದರೆ ಜಾಗ ಅಲ್ಲೇ. ಹಾಗಾಗಿ ಸಂಯುಕ್ತದ ಲೆಕ್ಕ ತುಸು ಏರುಪೇರಾದರೂ ಚೌಕಟ್ಟು ಬೀಳುವುದಿಲ್ಲ.

ಈ ಚೌಕಟ್ಟು ಮಹಾ ಗಟ್ಟಿ. ಕರಗಬೇಕಾದರೆ 2,800 ಡಿಗ್ರಿ ಸೆಲ್ಸಿಯಸ್ ದಾಟಬೇಕು. ವಜ್ರದ ಎರಡು ಮೊನೆಗಳ ನಡುವೆ ಇಟ್ಟು ಹಿಸುಕಿದ ಪ್ರಯೋಗದಲ್ಲಿ, ವಾಯುಭಾರದ ಸುಮಾರು 4 ಲಕ್ಷ ಪಟ್ಟು ಒತ್ತಡದಲ್ಲಿ ಮಾತ್ರ ಅದು ಕೋಟುನೈಟ್ ಎಂಬ ಇನ್ನೊಂದು, ಹೆಚ್ಚು ಒತ್ತೊತ್ತಾದ ರಚನೆಗೆ ಹೊರಳಿತು. ಓಕ್ಲೊದಲ್ಲಿ ಅಷ್ಟೊಂದು ಒತ್ತಡ ಇರಲಿಲ್ಲ. ಇನ್ನೂ ಒಂದು ಗುಣ: ಜಿರ್ಕಾನ್‌ನಂಥ ಹರಳುಗಳು ತಮ್ಮೊಳಗಿನ ವಿಕಿರಣದಿಂದಲೇ ಕಾಲಾಂತರದಲ್ಲಿ ರಚನೆ ಕೆಟ್ಟು ಗಾಜಿನಂತಾಗುತ್ತವೆ, ಯುರೇನಿನೈಟ್ ಏಟು ತಿನ್ನುತ್ತಲೇ ತನ್ನನ್ನು ಸರಿಪಡಿಸಿಕೊಳ್ಳುತ್ತದೆ.

ಈ ಖನಿಜ ಅಲ್ಲಿ ಗುಡ್ಡೆ ಬಿದ್ದದ್ದು ಹೇಗೆ? ಅದಕ್ಕೆ ನಮ್ಮ ಪಶ್ಚಿಮಘಟ್ಟದ ವಾಲ್ಕುಂಜಿಯ ಬೆಣಚು ದುಂಡುಗಲ್ಲಿನ ಪದರವನ್ನು ನೆನೆಯಬೇಕು. 250 ಕೋಟಿ ವರ್ಷಕ್ಕೂ ಹಳೆಯ ಆ ಪದರದಲ್ಲಿ ಯುರೇನಿನೈಟ್ ಕಣಗಳಿವೆ, ಹೊಳೆ ಉರುಳಿಸಿ ತಂದ ಮರಳಿನಂತೆ. ಅಂದಿನ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲವೆಂದೇ ಅವು ಕರಗದೆ ಉಳಿದವು. ಮುಂದೆ ಸೂಕ್ಷ್ಮಜೀವಿಗಳು ಗಾಳಿಗೆ ಆಮ್ಲಜನಕ ತುಂಬಿದ ಮೇಲೆ ಯುರೇನಿಯಂ ನೀರಿನಲ್ಲಿ ಕರಗಿ ಹರಿಯತೊಡಗಿತು. ಫ್ರಾನ್ಸ್‌ವಿಲ್ ತಗ್ಗಿನ ಮರಳುಗಲ್ಲಿನಲ್ಲಿ ಜೀವಿಗಳ ಕೊಳೆತ ಇಂಗಾಲ ಸಿಕ್ಕಿದೆಡೆ ಆಮ್ಲಜನಕ ಕಳೆದುಕೊಂಡು ಮತ್ತೆ ಹರಳುಗಟ್ಟಿತು. ಗಾಳಿ ಬದಲಾಗದಿದ್ದರೆ ಓಕ್ಲೊ ಇಲ್ಲ. ಇನ್ನೂ ತಡವಾಗಿದ್ದರೆ 235 ಸಾಲುತ್ತಿರಲಿಲ್ಲ.

ಮೇಲೆ ಕಿಲೋಮೀಟರುಗಟ್ಟಲೆ ಮಣ್ಣು-ಕಲ್ಲಿನ ಹೊರೆ. ಆ ಒತ್ತಡದಲ್ಲಿ ನೀರು 100 ಡಿಗ್ರಿಗೆ ಕುದಿಯುವ ಮಾತೇ ಇಲ್ಲ. ನೀರು ನ್ಯೂಟ್ರಾನುಗಳ ವೇಗ ತಗ್ಗಿಸಿತು, ಪರಮಾಣುಗಳು ಸೀಳತೊಡಗಿದವು, ಶಾಖ 300 ಡಿಗ್ರಿಗೂ ಮೇಲೇರಿತು. ಕಾದ ನೀರು ಸುತ್ತಲ ಮರಳುಗಲ್ಲಿನ ಬೆಣಚನ್ನು ಕರಗಿಸಿ ಒಯ್ದು ಜೇಡಿಯನ್ನಷ್ಟೇ ಬಿಟ್ಟಿತು. ಆ ಜೇಡಿಯ ಹೊದಿಕೆಯೊಳಗೆ ಯುರೇನಿನೈಟ್ ಮತ್ತೂ ದಟ್ಟವಾಯಿತು. ನೀರು ಆವಿಯಾಗಿ ಸರಿದರೆ ಉರಿ ನಿಲ್ಲುತ್ತಿತ್ತು. ತಣಿದ ಮೇಲೆ ನೀರು ಒಸರಿದರೆ ಮತ್ತೆ ಶುರು. ಅಲ್ಯೂಮಿನಿಯಂ ಫಾಸ್ಫೇಟಿನಲ್ಲಿ ಸಿಕ್ಕಿಕೊಂಡಿದ್ದ ಕ್ಸೆನಾನ್ ಅನಿಲವನ್ನು ಅಳೆದು ಸೇಂಟ್ ಲೂಯಿಸ್‌ನ ಅಲೆಕ್ಸ್ ಮೆಶಿಕ್ ತಂಡ 2004ರಲ್ಲಿ ಈ ಸರದಿಯನ್ನೇ ಹೇಳಿತು: ಅರ್ಧ ಗಂಟೆ ಕೆಲಸ, ಎರಡೂವರೆ ಗಂಟೆ ವಿರಾಮ. ಲಕ್ಷಾಂತರ ವರ್ಷ ಹೀಗೇ ನಡೆದರೂ ಸರಾಸರಿ ಶಕ್ತಿ 100 ಕಿಲೋವ್ಯಾಟ್ ಮುಟ್ಟಿದ್ದು ಅನುಮಾನ.

ಸೀಳಿದ ಚೂರುಗಳಲ್ಲಿ, ಜೊತೆಗೆ ಹುಟ್ಟಿದ ಇತರ ಧಾತುಗಳಲ್ಲಿ ಯಾವುದು ಉಳಿಯಿತು, ಯಾವುದು ಹೋಯಿತು ಎಂಬುದು ಬಹುಮಟ್ಟಿಗೆ ಆ ಚೌಕಟ್ಟಿನ ಅಳತೆಯ ಪ್ರಶ್ನೆ. ನಿಯೋಡಿಮಿಯಂ ಹೊಂದಿಕೊಂಡಿತು. ಎಲ್ಲೆಡೆ ನಿಯೋಡಿಮಿಯಮ್ಮಿನ ಶೇ. 27 ಪಾಲು 142 ಐಸೊಟೋಪ್. ಓಕ್ಲೊದಲ್ಲಿ 6ಕ್ಕಿಂತ ಕಡಿಮೆ, ಏಕೆಂದರೆ ವಿದಳನದಿಂದ 142 ಹುಟ್ಟುವುದಿಲ್ಲ. ವಾದವನ್ನು ಮುಗಿಸಿದ ಸಾಕ್ಷಿ ಇದು. ಪ್ಲುಟೋನಿಯಂ ಕೂಡ ಯುರೇನಿಯಮ್ಮಿನ ಕೋಣೆಯಲ್ಲೇ ಕೂತು ಅಲ್ಲೇ ಯುರೇನಿಯಂ-235 ಆಗಿ ಕಳೆಯಿತು. ರುಥೇನಿಯಂ, ರೋಡಿಯಂ ಲೋಹದ ಸಣ್ಣ ಕಣಗಳಾಗಿ ಬೇರೆ ನಿಂತವು. ಇಂದಿನ ಸ್ಥಾವರಗಳ ಬಳಸಿದ ಇಂಧನದಲ್ಲೂ ಇಂಥವು ಕಾಣುತ್ತವೆ. ಸೀಸ ಆ ಕೋಣೆಗೆ ದೊಡ್ಡದು, ಬಹುಪಾಲು ಹೊರಬಿತ್ತು. ಸೀಸಿಯಂ ಹೋಯಿತು, ಅಯೋಡಿನ್ ಹೋಯಿತು.

ಪರಮಾಣು ತ್ಯಾಜ್ಯವನ್ನು ಹೂಳಬಹುದು, ನಿಸರ್ಗವೇ ಮಾಡಿ ತೋರಿಸಿದೆ ಎನ್ನುವವರು ಓಕ್ಲೊದ ಹೆಸರು ಹೇಳುತ್ತಾರೆ. 1975ರಲ್ಲಿ ಗಬೋನಿನ ರಾಜಧಾನಿ ಲಿಬ್ರವಿಲ್‌ನಲ್ಲಿ ಓಕ್ಲೊ ವಿಷಯಕ್ಕೇ ಅಂತರರಾಷ್ಟ್ರೀಯ ಸಮ್ಮೇಳನ ಸೇರಿತ್ತು. ಹೂಳಬಹುದು ಎನ್ನುವವರ ಮಾತು ಅರ್ಧ ನಿಜ. ಪ್ಲುಟೋನಿಯಂ ನಿಂತದ್ದನ್ನು ಹೇಳುವಾಗ ಸೀಸಿಯಂ ಹೋದದ್ದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಜೇಡಿಯ ಹೊದಿಕೆ, ಇಂಗಾಲ, ಆಮ್ಲಜನಕ ತಾಗದ ಆಳ ಇವೆಲ್ಲ ಸೇರಿ ಕಾದ ಹರಳನ್ನು ತೋರಿಸಿ, ಎಲ್ಲಾದರೂ ಗುಂಡಿ ತೋಡಿದರಾಯಿತು ಎನ್ನುವುದು ನನಗೆ ಒಪ್ಪಿಗೆಯಿಲ್ಲ.

ಗಣಿ 1999ರಲ್ಲಿ ಮುಚ್ಚಿತು. ಹೀಗೆ ಉರಿದವೆಂದು ಗುರುತಾದ ಹದಿನಾರು-ಹದಿನೇಳು ತಾಣಗಳಲ್ಲಿ ಬಹುಪಾಲನ್ನು ಅಗೆದು ಮುಗಿಸಿದ್ದರು.