ಹೊಸ ಮುಖ್ಯಾಧ್ಯಾಪಕರೂ ಹಳೆಯ ಶಿಕ್ಷಕರೂ

ಶಾಲೆಗೆ ಹೊಸ ಮುಖ್ಯಾಧ್ಯಾಪಕರು ಬಂದಾಗ ಅವರನ್ನು ಎಲ್ಲರಿಗಿಂತ ಮೊದಲು ತೂಗಿ ನೋಡುವವರು ಶಿಕ್ಷಕರೇ. ಸರಕಾರದ ಹುಕುಮು ಪೀಠವನ್ನು ಕೊಡಬಲ್ಲುದು; ಮನ್ನಣೆಯನ್ನು ಮಾತ್ರ ಕೈಕೆಳಗಿನವರೇ ಕೊಡಬೇಕು. ಇದಕ್ಕೆ ಉತ್ತರ ಕರ್ನಾಟಕದ ಇತಿಹಾಸದಲ್ಲಿ ಡೆಪ್ಯೂಟಿ ಚನ್ನಬಸಪ್ಪನವರಷ್ಟು ಒಳ್ಳೆಯ ನಿದರ್ಶನವು ಮತ್ತೊಂದು ದೊರೆಯಲಾರದು.

೧೮೫೪ರಲ್ಲಿ ಇಂಗ್ಲೆಂಡಿನಿಂದ ಬಂದ ವುಡ್ಡನ ಶಿಕ್ಷಣಪತ್ರವು ಶಿಕ್ಷಕರನ್ನು ತಯಾರಿಸುವ ಶಾಲೆಗಳು ಬೇಕೆಂದು ಒತ್ತಿ ಹೇಳಿತು. ಮರುವರುಷವೇ ಮುಂಬಯಿ ಇಲಾಖೆಯಲ್ಲಿ ವಿದ್ಯಾಖಾತೆಯು ಏರ್ಪಟ್ಟಿತು. ಇಂತಹ ಶಾಲೆಗೆ ‘ನಾರ್ಮಲ್ ಸ್ಕೂಲು’ ಎಂಬ ಹೆಸರು ಬಂದುದು ಫ್ರಾನ್ಸಿನಿಂದ. ೧೭೯೪ರಲ್ಲಿ ಅಲ್ಲಿ ಹುಟ್ಟಿದ ಈ ಮಾತಿಗೆ, ಉಳಿದ ಶಾಲೆಗಳಿಗೆ ಮಾದರಿಯಾಗತಕ್ಕ ಶಾಲೆಯೆಂದು ಭಾವ. ಆದರೆ ಧಾರವಾಡ ಬೆಳಗಾವಿ ಪ್ರಾಂತಗಳಲ್ಲಿ ಈ ಮಾದರಿಯು ಯಾವ ಭಾಷೆಯದಾಗಬೇಕೆಂಬುದೇ ದೊಡ್ಡ ಪ್ರಶ್ನೆಯಾಗಿದ್ದಿತು. ಮನೆಯ ಮಾತು ಕನ್ನಡವಾಗಿದ್ದರೂ ಎಷ್ಟೋ ಸರಕಾರಿ ಶಾಲೆಗಳು ಮರಾಠಿಯಲ್ಲಿಯೇ ನಡೆಯುತ್ತಿದ್ದವು. ಅಥಣಿ ತಾಲೂಕಿನ ಸತ್ತಿಯಂತಹ ಕೃಷ್ಣಾತೀರದ ಗಡಿಯೂರುಗಳ ಸೀಮೆಯಲ್ಲಿ ದಫ್ತರದ ಬರವಣಿಗೆಯು ಮೋಡಿ ಲಿಪಿಯದು, ಹೊಲದ ಮಾತು ಕನ್ನಡದ್ದು. ಇವೆರಡರ ನಡುವೆ ನಿಂತವನು ಸಾಲಿಯ ಮಾಸ್ತರ.

ಹೀಗಿರಲು, ೧೮೬೦ರ ದಶಕದ ಆರಂಭದಲ್ಲಿ ಧಾರವಾಡದ ನಾರ್ಮಲ್ ಸ್ಕೂಲಿಗೆ ಚನ್ನಬಸಪ್ಪನವರು ಮುಖ್ಯರಾಗಿ ಬಂದರು. ೧೮೩೪ರಲ್ಲಿ ಧಾರವಾಡದಲ್ಲಿಯೇ ಹುಟ್ಟಿ, ಪುಣೆಯಲ್ಲಿ ಇಂಗ್ಲಿಷ್ ವಿದ್ಯೆಯನ್ನು ಸಂಪಾದಿಸಿದ ಇವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಶಿಕ್ಷಕವೃತ್ತಿಯಲ್ಲಿ ಕೂದಲು ನರೆತವರಿಗೆ ಇಂತಹ ತರುಣನ ವಿಷಯದಲ್ಲಿ ಶಂಕೆ ಹುಟ್ಟುವುದು ಸಹಜ. ಆದರೆ ವಯಸ್ಸಿಗಿಂತಲೂ ಹಿರಿದಾದ ಚಿಂತೆಯೊಂದು ಅವರ ಮುಂದಿದ್ದಿತು. ಮರಾಠಿಯನ್ನು ಕಲಿತು ಅದರಿಂದಲೇ ಅನ್ನ ಗಳಿಸಿದವನಿಗೆ, ಶಾಲೆ ಕನ್ನಡವಾದರೆ ತನ್ನ ಗತಿಯೇನು ಎಂಬ ಅಂಜಿಕೆ. ಕನ್ನಡ ಬಲ್ಲವನಿಗೆ, ಈ ವಿದ್ಯೆಯನ್ನು ಸರಕಾರವು ನಾಳೆಯೂ ಕೇಳೀತೇ ಎಂಬ ಸಂದೇಹ. ಹೊಸಬರು ಒಬ್ಬರಿಗೆ ಭಯವಾಗಿಯೂ ಮತ್ತೊಬ್ಬರಿಗೆ ನಂಬಲಾರದ ಆಸೆಯಾಗಿಯೂ ತೋರಬೇಕಾದ ಸನ್ನಿವೇಶವದು. ಈ ಅಂಜಿಕೆಯನ್ನು ಬರಿಯ ಭಾಷಾದ್ವೇಷವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅದರ ಹಿಂದೆ ಸಂಸಾರಗಳ ಹೊಟ್ಟೆಯ ಪಾಡು ಇದ್ದಿತು.

ಆ ಸಂದೇಹವು ಉಪದೇಶದಿಂದ ತೀರುವಂತಹದಾಗಿರಲಿಲ್ಲ. ಕನ್ನಡದಲ್ಲಿ ಕಲಿಸೆಂದರೆ ಸಾಲದು, ಕಲಿಸಲು ಪುಸ್ತಕ ಬೇಕು. ಪುಸ್ತಕವಿದ್ದರೆ ಸಾಲದು, ಅದನ್ನು ಹೇಳಿಕೊಡಬಲ್ಲ ಶಿಕ್ಷಕ ಬೇಕು. ಶಿಕ್ಷಕನಿದ್ದರೆ ಸಾಲದು, ಅವನಿಗೆ ಶಾಲೆ ಬೇಕು. ಚನ್ನಬಸಪ್ಪನವರು ಈ ಮೂರನ್ನೂ ಒಂದೇ ಕೆಲಸವೆಂದು ಬಗೆದರು. ಮರಾಠಿ ಶಾಲೆಗಳನ್ನು ಕನ್ನಡಕ್ಕೆ ತಿರುಗಿಸುವ ಈ ಯತ್ನಕ್ಕೆ ವಿದ್ಯಾಖಾತೆಯ ಅಧಿಕಾರಿ ರಸೆಲ್ ಸಾಹೇಬರ ಬೆಂಬಲವೂ ಒದಗಿತು. ಅದೇ ದಶಕದಲ್ಲಿ ಬೆಳಗಾವಿಯಿಂದ ಶಿಕ್ಷಕರಿಗಾಗಿಯೇ ‘ಮಠಪತ್ರಿಕೆ’ಯು ಹೊರಟಿತು. ಮುಖ್ಯರು ತಾವೂ ಲೇಖಣಿ ಹಿಡಿದು, ಶೇಕ್ಸ್‌ಪಿಯರನ ‘ಕಾಮೆಡಿ ಆಫ್ ಎರರ್ಸ್’ ನಾಟಕವನ್ನು ೧೮೭೧ರಲ್ಲಿ ‘ನಗದವರನ್ನು ನಗಿಸುವ ಕಥೆ’ಯೆಂದು ಕನ್ನಡಿಸಿದರು. ಇಂಗ್ಲಿಷ್ ಬಲ್ಲವರೇ ಕನ್ನಡದಲ್ಲಿ ಬರೆಯುವುದನ್ನು ಕಂಡ ಶಿಕ್ಷಕನಿಗೆ ತನ್ನ ಭಾಷೆಯ ವಿಷಯದಲ್ಲಿದ್ದ ಸಂಕೋಚವು ಎಷ್ಟು ಕಡಿಮೆಯಾಗಿರಬೇಕೆಂಬುದನ್ನು ಊಹಿಸಬಹುದು.

ಮುಂದೆ ಅವರು ಬೆಳಗಾವಿಯಲ್ಲಿ ಡೆಪ್ಯೂಟಿ ಇನ್‌ಸ್ಪೆಕ್ಟರರಾದರು. ಆಗ ಸಂಬಂಧವು ಇನ್ನೊಂದು ಕಠಿಣವಾದ ಒರೆಗೆ ಬಂದಿತು. ತರಬೇತಿಯ ಶಾಲೆಯಲ್ಲಿ ಗುರುವು ಶಿಷ್ಯನ ತಪ್ಪನ್ನು ತಿದ್ದುವನು. ತಪಾಸಣೆಗೆ ಬಂದ ಅಧಿಕಾರಿಯು ಅದೇ ತಪ್ಪನ್ನು ಬರೆದುಕೊಂಡು ಹೋಗುವನು. ಗುರುವಾಗಿದ್ದವರೇ ಅಧಿಕಾರಿಯಾಗಿ ಬಂದಲ್ಲಿ ಶಿಕ್ಷಕನ ಮನಸ್ಸಿನಲ್ಲಿ ಭಕ್ತಿಯೂ ಭಯವೂ ಒಟ್ಟಿಗೆ ಏಳುವುವು. ಹಳ್ಳಿಯ ಶಾಲೆಯ ಕಷ್ಟವನ್ನು ಬಲ್ಲವನ ಟೀಕೆಯನ್ನು ಸಹಿಸುವುದು, ಬಲ್ಲದವನ ಹೊಗಳಿಕೆಯನ್ನು ಸಹಿಸುವುದಕ್ಕಿಂತ ಸುಲಭವೆಂಬುದು ಎಲ್ಲ ಕಾಲದ ಶಿಕ್ಷಕರ ಅನುಭವ.

ಚನ್ನಬಸಪ್ಪನವರು ೧೮೮೧ರಲ್ಲಿ ತೀರಿಕೊಂಡರು. ಬದುಕಿದ್ದುದು ಐವತ್ತಕ್ಕಿಂತಲೂ ಕಡಿಮೆ ವರುಷ. ಶಿಕ್ಷಕರು ಅವರನ್ನು ಕೊನೆಗೆ ಹೇಗೆ ಕಂಡರೆಂಬುದಕ್ಕೆ ಅವರ ಹೆಸರೇ ಸಾಕ್ಷಿ. ಅಧಿಕಾರದ ಬಿರುದು ಸಾಮಾನ್ಯವಾಗಿ ಅಧಿಕಾರದೊಡನೆಯೇ ಹೋಗುವುದು. ಆ ಪ್ರಾಂತದಲ್ಲಿ ಎಷ್ಟೋ ಜನ ಡೆಪ್ಯೂಟಿಗಳು ಬಂದರು, ವರ್ಗವಾದರು, ಪಿಂಚಣಿ ಪಡೆದರು. ಅವರ ಹುದ್ದೆಯನ್ನು ನೆನೆಯುವವರಿಲ್ಲ. ಇವರಿಗೆ ಮಾತ್ರ ‘ಡೆಪ್ಯೂಟಿ’ಯೆಂಬುದು ಮನೆತನದ ಹೆಸರಿನಂತೆ ಅಂಟಿಕೊಂಡು ಇಂದಿಗೂ ಉಳಿದಿದೆ. ಸರಕಾರವು ಕೊಟ್ಟ ಪದವಿಯನ್ನು ಸಾಲಿಯ ಮಾಸ್ತರರೂ ಊರ ಜನರೂ ಕೂಡಿ ತಾವೇ ಎರಡನೆಯ ಸಲ ಕೊಟ್ಟರೆಂದು ಇದರ ಅರ್ಥ. ಹೊಸ ಪೀಠವನ್ನು ಏರುವವರು ಅಪೇಕ್ಷಿಸತಕ್ಕದ್ದು ಈ ಎರಡನೆಯ ನೇಮಕವನ್ನೇ.