ಟೆಲಿ-ಮಾನಸ್
ಟೆಲಿ-ಮಾನಸ್ ಭಾರತ ಸರ್ಕಾರದ ಅನುದಾನದಲ್ಲಿ ಹಗಲಿರುಳೂ ನಡೆಯುವ ಉಚಿತ ಮಾನಸಿಕ ಆರೋಗ್ಯ ದೂರವಾಣಿ ಸೇವೆ (ಸಂಖ್ಯೆ 14416). 2022–23ರ ಕೇಂದ್ರ ಬಜೆಟ್‌ನಲ್ಲಿ ಘೋಷಿತವಾಗಿ, 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಆಪ್ತಸಮಾಲೋಚಕರು ಕರೆ ಸ್ವೀಕರಿಸಿ, ಅಗತ್ಯವಿದ್ದವರನ್ನು ತಜ್ಞರಿಗೆ ಇಲ್ಲವೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಒಪ್ಪಿಸುತ್ತಾರೆ. ಫೋನಿನ ಮಾತು ಚಿಕಿತ್ಸೆಯಾಗದು ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಆತ್ಮಹತ್ಯೆಯ ತೀವ್ರ ಆವೇಗ ಅನೇಕರಲ್ಲಿ ಅಲ್ಪಕಾಲದ್ದು, ಆ ಹೊತ್ತನ್ನು ದಾಟಿಸುವ ಸಂಭಾಷಣೆಗೂ ಜೀವ ಉಳಿಸುವ ಶಕ್ತಿಯಿದೆ. ಆದರೂ 2030ರೊಳಗೆ ಆತ್ಮಹತ್ಯೆಯ ಸಾವುಗಳನ್ನು ಶೇ. 10ರಷ್ಟು ತಗ್ಗಿಸುವ ರಾಷ್ಟ್ರೀಯ ಕಾರ್ಯತಂತ್ರದ (2022) ಗುರಿಗೆ ಕರೆಕೇಂದ್ರದ ಖರ್ಚಷ್ಟೇ ಸಾಲದು. ತಾಲ್ಲೂಕು ಆಸ್ಪತ್ರೆಯ ಔಷಧ, ಸಿಬ್ಬಂದಿಗೂ ಹಣ ಬೇಕು. ಆತ್ಮಹತ್ಯೆಗೆ ಯತ್ನಿಸಿದವರ ಆರೈಕೆ, ಚಿಕಿತ್ಸೆ, ಪುನರ್ವಸತಿಯ ಹೊಣೆಯನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಸೆಕ್ಷನ್ 115 ಸರ್ಕಾರಕ್ಕೇ ವಹಿಸಿದೆ.