ಅಮ್ಮನಿಗೆ ಓದಿ ಹೇಳದ ಸಾಲುಗಳು

ಅಮ್ಮನಿಗೆ ಓದು ಬರುತ್ತಿರಲಿಲ್ಲ. ಬೆಂಗಳೂರಿನ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ ಅಣ್ಣ ಅಮೃತಾಪುರಕ್ಕೆ ಬರೆಯುತ್ತಿದ್ದ ಇನ್‌ಲ್ಯಾಂಡ್ ಕಾಗದಗಳನ್ನು ಓದಿ ಹೇಳುವ ಕೆಲಸ ನನ್ನದು. 1980ರ ದಶಕದ ಮಾತು. ‘ಮಾಲೀಕರ ಕಾರಿನ ಜೊತೆ ಮದರಾಸಿಗೆ ಹೋಗಿದ್ದೆ’ ಎಂಬಲ್ಲಿಗೆ ನಾನು ನಿಲ್ಲಿಸಿಬಿಡುತ್ತಿದ್ದೆ. ಮುಂದಿನ ಸಾಲುಗಳೆಲ್ಲ ಶೋಲಾವರಂನ ಕಾರು ರೇಸಿನವು. ಕೇಳಿದ್ದರೆ ಅಮ್ಮ ಮರುದಿನವೇ ಅವನನ್ನು ಊರಿಗೆ ಕರೆಸುತ್ತಿದ್ದಳು.

ಮದರಾಸಿನ ಉತ್ತರಕ್ಕಿರುವ ಶೋಲಾವರಂ ಎರಡನೇ ಮಹಾಯುದ್ಧದ ಕಾಲದ ವಿಮಾನ ನೆಲೆ. ಅದರ ಓಡುದಾರಿಯ ಮೇಲೆ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ವರ್ಷವರ್ಷವೂ ರೇಸು ನಡೆಸುತ್ತಿದ್ದರು. ಇಂಗ್ಲೆಂಡಿನ ಹೆಸರಾಂತ ಸಿಲ್ವರ್‌ಸ್ಟೋನ್ ಕೂಡ ಹೀಗೆ ಯುದ್ಧದ ವಿಮಾನ ನೆಲೆಯೇ ಆಗಿತ್ತೆಂದು, ಚರಿತ್ರೆ ಪಾಠ ಹೇಳುವವಳಾದ ಮೇಲೆ ನನಗೆ ತಿಳಿಯಿತು. ವಿಮಾನಕ್ಕೆಂದು ಮಾಡಿದ ದಾರಿಯಲ್ಲವೆ? ಏರಿಲ್ಲ, ಇಳಿಜಾರಿಲ್ಲ, ನೇರ, ಅಗಲ. ಎಂಜಿನ್ನಿಗೆ ಬಲವಿದ್ದವನದೇ ಮೇಲುಗೈ. ವಿಜಯ್ ಮಲ್ಯ ವಿದೇಶದ ಎನ್‌ಸೈನ್ ಕಾರು ತರಿಸಿ ಓಡಿಸಿದ್ದು ಅಲ್ಲಿಯೇ.

‘ನೇರದಲ್ಲಿ ಯಾರು ಬೇಕಾದರೂ ಓಡಿಸುತ್ತಾರೆ, ತಿರುವಿನಲ್ಲಿ ಗೊತ್ತಾಗುತ್ತೆ’ ಎನ್ನುತ್ತಿದ್ದ ಅಣ್ಣ. ಹಬ್ಬಕ್ಕೆ ಬಂದಾಗ ಹಿತ್ತಲಿನ ಮಣ್ಣಿನಲ್ಲಿ ಕಡ್ಡಿಯಿಂದ ಗೀಚಿ ತೋರಿಸಿದ. ತಿರುವಿಗೆ ಮೊದಲೇ ಬ್ರೇಕು ಹಾಕಬೇಕು; ಹೊರ ಅಂಚಿನಿಂದ ಹೊರಟು, ನಡುವೆ ಒಳ ಅಂಚನ್ನು ಸವರಿ, ಮತ್ತೆ ಹೊರಕ್ಕೆ ಬರಬೇಕು. ಆಗ ತಿರುವು ಸಡಿಲವಾಗಿ ವೇಗ ಉಳಿಯುತ್ತದೆ. ಅಪ್ಪ ದೇವಸ್ಥಾನದ ಮೂಲೆಯಲ್ಲಿ ಹುಲ್ಲಿನ ಗಾಡಿ ತಿರುಗಿಸುವಾಗಲೂ ಮೊದಲು ಹೊರಗೇ ಹೋಗುತ್ತಿದ್ದರು. ಅವರ ವೇಗ ಮಾತ್ರ ಎತ್ತಿನದು!

1990ರಲ್ಲಿ ಅದೇ ಕ್ಲಬ್ಬು ಶ್ರೀಪೆರಂಬುದೂರಿನ ಬಳಿ, ಇರುಂಗಾಟ್ಟುಕೋಟೈನಲ್ಲಿ, ರೇಸಿಗೆಂದೇ ಕಟ್ಟಿದ ಸರ್ಕ್ಯೂಟ್ ತೆರೆಯಿತು. ಒಂದು ಸುತ್ತಿಗೆ 3.7 ಕಿ.ಮೀ., 12 ತಿರುವು. ನೇರ ದಾರಿ ಮುಗಿಯುತ್ತಲೇ ಬರುವ ಮೊದಲ ಬಲತಿರುವಿಗೆ ಗುಂಡಿಗೆ ಬೇಕು. ಅದನ್ನು ವೇಗ ಹೆಚ್ಚು ಇಳಿಸದೆಯೇ ಹೊಗಬೇಕು. ದೆಹಲಿಯ ಬಳಿಯ ಬುದ್ಧ ಸರ್ಕ್ಯೂಟ್ 2011ರಲ್ಲಿ ಇನ್ನೂ ದೊಡ್ಡದಾಗಿ ಬಂತು. 16 ತಿರುವು, ಬಯಲಿಗೆ ಮಣ್ಣು ಸುರಿದು ಮಾಡಿದ ಏರಿಳಿತ. ಫಾರ್ಮುಲಾ ಒನ್ ಅಲ್ಲಿ ನಡೆದದ್ದು ಮೂರೇ ವರ್ಷ.

ಅಣ್ಣ ಒಮ್ಮೆ ನನ್ನನ್ನು ಇರುಂಗಾಟ್ಟುಕೋಟೈಗೆ ಕರೆದೊಯ್ದ. ಕಾರೊಂದು ತಿರುವಿನಲ್ಲಿ ಜಾರಿತು. ದಾರಿ ಬಿಟ್ಟು ಪಕ್ಕದ ಮಣ್ಣಿಗಿಳಿದು, ಗಿರಕಿ ಹೊಡೆದು ನಿಂತಿತು. ಹುಡುಗ ಇಳಿದು ಹೆಲ್ಮೆಟ್ ತೆಗೆಯುವವರೆಗೂ ನಾನು ಅಣ್ಣನ ತೋಳು ಬಿಡಲಿಲ್ಲ.

“ಶೋಲಾವರಂನಲ್ಲೂ ಹೀಗೆ ಮಣ್ಣು ಬಿಟ್ಟಿದ್ದರೇನಣ್ಣ?”

“ಎಲ್ಲಿಯ ಮಣ್ಣು ಮಾರಾಯ್ತಿ, ಜನ ನಿಂತಿರ್ತಿದ್ರು. ನಾವೂ ಅಲ್ಲೇ.”

ಅದನ್ನವನು ನನಗೂ ಬರೆದಿರಲಿಲ್ಲ.